ಬಿರುಬೇಸಿಗೆಯ ಬುತ್ತಿ: ಆಫೀಸು, ಪ್ರಯಾಣ, ಬೀಗರು ಎಲ್ಲಕ್ಕೂ ಒಂದೇ ಅಡುಗೆಮನೆ

ಏಪ್ರಿಲ್ ಬಂತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಪಾದರಸ 40 ಡಿಗ್ರಿ ದಾಟಿ ಕೂತುಬಿಡುತ್ತದೆ. ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಸಾಮಾನ್ಯವಾಗಿ ಏಪ್ರಿಲ್, ಮೇ ಎರಡು ತಿಂಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮಕ್ಕಳಿಗೆ ಸೂಟಿ. ವಾರಕ್ಕೆರಡು ಮದುವೆ, ನಡುವೆ ಜಾತ್ರೆ, ಅದರ ನಡುವೆ ಬೆಂಗಳೂರಿಂದ ಬಂದ ತಂಗಿಯ ಸಂಸಾರ. ಬಾಯಿರುಚಿ ಇದ್ದವರಿಗೆ ಇದೇ ಸುಗ್ಗಿ: ಹಿಂಗಾರಿ ಜೋಳ ಹೊಸದು, ಹುಣಸೆಹಣ್ಣು ಹೊಸದು, ಒಣಮೆಣಸಿನಕಾಯಿ ಹೊಸದು, ಮಾವಿನಕಾಯಿ ಗಾಡಿ ಗಾಡಿ. ಕಷ್ಟ ಇರುವುದು ಒಂದೇ, ಬೆಳಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ.

ಬೇಸಿಗೆ ಅಡುಗೆಯ ಲೆಕ್ಕವೆಲ್ಲ ನೀರಿನ ಮೇಲೆ ನಿಂತಿದೆ. ದಾರಿಗೆ ಕಟ್ಟುವ ಪದಾರ್ಥದಿಂದ ನೀರು ತೆಗೆಯಬೇಕು, ಮನೆಯಲ್ಲಿ ಉಣ್ಣುವುದಕ್ಕೆ ನೀರು ಸೇರಿಸಬೇಕು. ಪದಾರ್ಥ ಹಳಸುವುದು ತೇವ ಮತ್ತು ಬೆಚ್ಚಗಿನ ಗಾಳಿ ಎರಡೂ ಕೂಡಿದಾಗ. ಗಾಳಿಯ ಬಿಸಿ ನಮ್ಮ ಕೈಯಲ್ಲಿಲ್ಲ, ತೇವ ಇದೆ. ಕೆಳಗಿನದೆಲ್ಲ ಈ ಲೆಕ್ಕದ ವಿವರ.

ಒಲೆ ಆರಿಸುವ ಹೊತ್ತು

ಎಂಟಕ್ಕೆ ಆಫೀಸಿದ್ದರೆ ಏಳಕ್ಕೆ ನಾಷ್ಟಾ, ಏಳೂವರೆಗೆ ಡಬ್ಬಿ. ಹಾಗಾಗಿ ಒಲೆ ಹಚ್ಚುವುದು ಐದಕ್ಕೆ, ಆರಿಸುವುದು ಎಂಟರೊಳಗೆ. ಒಂಬತ್ತರ ನಂತರ ಅಡುಗೆಮನೆ ಕಾದರೆ ಸಂಜೆತನಕ ಆರುವುದಿಲ್ಲ. ಆರ್‌ಸಿಸಿ ಮಾಳಿಗೆ ಇದ್ದವರಿಗೆ ಇದು ಚೆನ್ನಾಗಿ ಗೊತ್ತು.

ಕಾಯಿಪಲ್ಯ ಹೆಚ್ಚುವುದು, ಬೆಳ್ಳುಳ್ಳಿ ಸುಲಿಯುವುದು, ಶೇಂಗಾ ಹುರಿಯುವುದು ಹಿಂದಿನ ರಾತ್ರಿಯ ಕೆಲಸ. ಈರುಳ್ಳಿ ಮಾತ್ರ ಬೇಡ, ಹೆಚ್ಚಿಟ್ಟ ಈರುಳ್ಳಿ ಬೆಳಗಿನ ಹೊತ್ತಿಗೆ ನೀರುಬಿಟ್ಟು ವಾಸನೆ ಹೊಡೆಯುತ್ತದೆ. ಬೆಳಗ್ಗೆ ಮೊದಲು ಅನ್ನಕ್ಕಿಡಿ, ಏಕೆಂದರೆ ಅದಕ್ಕೆ ಆರಲು ಹೊತ್ತು ಬೇಕು. ಆಮೇಲೆ ಪಲ್ಯ, ಕೊನೆಗೆ ರೊಟ್ಟಿ. ಬಹಳ ಮನೆಗಳಲ್ಲಿ ಇದು ಉಲ್ಟಾ ಇರುತ್ತದೆ: ಅನ್ನ ಕೊನೆಗೆ ಆಗಿ, ಹೊಗೆಯಾಡುವಾಗಲೇ ಡಬ್ಬಿ ಸೇರಿ, ಮುಚ್ಚಳದ ಒಳಗೆ ಬೆವತು, ಹನ್ನೆರಡಕ್ಕೆ ತೆರೆದಾಗ ಅಂಟಂಟು.

ಅನ್ನದ ವಿಷಯದಲ್ಲಿ ಸಡಿಲ ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತಕ್ಕೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಮುದ್ದೆಯಾಗಿ ಕೂತರೆ ಅವು ಮೊಳೆತು ಬೆಳೆಯುತ್ತವೆ, ವಾಂತಿಭೇದಿ ತರುವ ವಿಷವನ್ನೂ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೆಂದ ಕೂಡಲೇ ಅಗಲ ತಾಟಿನಲ್ಲಿ ಹರವಿ, ಫ್ಯಾನಿನ ಕೆಳಗೆ ಹತ್ತು ಹದಿನೈದು ನಿಮಿಷ ಬಿಡಿ. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿಗೆ ಉದುರಾಗಬೇಕೆಂದರೆ ಕುಕ್ಕರಿನಲ್ಲಿ ಒಂದಕ್ಕೆ ಎರಡು ನೀರು ಸಾಕು. ಈಗಷ್ಟೇ ಮಿಲ್ಲಿನಿಂದ ಬಂದ ಹೊಸ ಅಕ್ಕಿಯಾದರೆ ಇನ್ನೂ ಕಾಲು ಭಾಗ ಕಡಿಮೆ.

ಖಡಕ್ ರೊಟ್ಟಿ: ಒಂದು ದಿನದ ದುಡಿಮೆ, ತಿಂಗಳ ನಿಶ್ಚಿಂತೆ

ಓಡಾಟದ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ. ಪ್ರವಾಸ ಶುರುವಾಗುವ ಮುನ್ನ ಒಂದು ಭಾನುವಾರ ಬೆಳಗ್ಗೆ ಇಬ್ಬರು ಕೂತರೆ (ಒಬ್ಬರು ಬಡಿಯುವುದು, ಒಬ್ಬರು ಬೇಯಿಸುವುದು) ಎರಡು ಕಿಲೋ ಹಿಟ್ಟು ಮುಗಿಯುತ್ತದೆ. ತೆಳ್ಳಗೆ ಬಡಿದರೆ ಕಿಲೋಗೆ ಇಪ್ಪತ್ತರ ಆಸುಪಾಸು ರೊಟ್ಟಿ.

ಜೋಳ ಬಿಳಿಯದೇ ಆಗಲಿ, ಹಿಂಗಾರಿಯದು. ಮಾಲದಂಡಿ ಸಿಕ್ಕರೆ ಬೇರೆ ನೋಡಬೇಡಿ. ಬೀಸಿಸಿ ಎಂಟು ಹತ್ತು ದಿನದೊಳಗಿನ ಹಿಟ್ಟಿರಲಿ. ಗೋದಿಯಲ್ಲಿರುವಂಥ ಅಂಟು ಜೋಳದಲ್ಲಿಲ್ಲ. ಹಿಟ್ಟನ್ನು ಹಿಡಿದಿಡುವುದು ಕುದಿನೀರಿಗೆ ಅರಳಿದ ಪಿಷ್ಟ ಮಾತ್ರ. ಹಿಟ್ಟು ಹಳತಾದಂತೆ ಆ ಜಿಗಿ ಹೋಗುತ್ತದೆ, ರೊಟ್ಟಿಯ ಅಂಚು ಹರಿಯುತ್ತದೆ. ಗಿರಣಿಯವರಿಗೆ ನುಣ್ಣಗೆ ಬೀಸಲು ಹೇಳಿ, ಗೋದಿಯ ಹಿಂದೆಯೇ ಜೋಳ ಹಾಕಿಸಬೇಡಿ.

1. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ನೀರಿನಂತೆ ಎಸರಿಡಿ. ಚಿಟಿಕೆ ಉಪ್ಪು ಸಾಕು. ನೀರು ಬುಳುಬುಳು ಕುದಿಯಬೇಕು, ಸುಮ್ಮನೆ ಬಿಸಿಯಾದರೆ ಸಾಲದು.

2. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹೊಯ್ದು, ಚಮಚದಿಂದ ಕಲಸಿ ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಆರಿದ ಮೇಲೆ ತಣ್ಣೀರು ಮುಟ್ಟಿಸುತ್ತ ನಾದಿ. ಇಡೀ ಹಿಟ್ಟನ್ನು ಒಮ್ಮೆಗೇ ನಾದಿಟ್ಟರೆ ಕೊನೆಯ ರೊಟ್ಟಿಗಳು ಒಡೆಯುತ್ತವೆ. ಮೂರು ನಾಲ್ಕು ರೊಟ್ಟಿಗೆ ಆಗುವಷ್ಟನ್ನು ತೆಗೆದು, ಅಂಗೈ ಬುಡದಿಂದ ಎರಡು ನಿಮಿಷ ಒತ್ತಿ ಒತ್ತಿ ನಾದಿ, ಅದನ್ನು ಬಡಿದ ಮೇಲೆ ಮುಂದಿನದಕ್ಕೆ ಕೈಹಾಕಿ.

3. ಉಂಡೆಯ ಅಂಚನ್ನು ಮೊದಲು ಬೆರಳಿನಿಂದ ನಯ ಮಾಡಿ. ಉಂಡೆಯಲ್ಲೇ ಬಿರುಕಿದ್ದರೆ ಅದೇ ರೊಟ್ಟಿಯಲ್ಲಿ ದೊಡ್ಡದಾಗುತ್ತದೆ. ಕೆಳಗೆ ಒಣಹಿಟ್ಟು ಹರವಿ, ನಡುವಿನಿಂದ ಅಂಚಿಗೆ ಬಡಿಯುತ್ತ, ರೊಟ್ಟಿ ತಾನೇ ತಿರುಗುವಂತೆ ನೋಡಿಕೊಳ್ಳಿ. ತಿರುಗದಿದ್ದರೆ ಕೆಳಗೆ ಹಿಟ್ಟು ಕಡಿಮೆಯಾಗಿದೆ ಎಂದರ್ಥ.

4. ಹಂಚು ಚೆನ್ನಾಗಿ ಕಾದಿರಲಿ. ಒಣಹಿಟ್ಟಿನ ಬದಿ ಮೇಲೆ ಬರುವಂತೆ ಹಾಕಿ, ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ನೀರು ಆರುತ್ತ ಬಂದಾಗ ಮಗುಚಿ. ಪೂರ್ತಿ ಒಣಗುವತನಕ ಕಾದರೆ ಸೀಳುತ್ತದೆ, ಹಸಿಯಿರುವಾಗಲೇ ಮಗುಚಿದರೆ ಹಂಚಿಗೆ ಹಿಡಿಯುತ್ತದೆ. ಎರಡೂ ಕಡೆ ಬೆಂದ ಮೇಲೆ ಉರಿಗೆ ಹಿಡಿದು ಉಬ್ಬಿಸಿ.

5. ಇಲ್ಲಿಗೆ ಮೆತ್ತನೆ ರೊಟ್ಟಿ ಆಯಿತು. ಖಡಕ್ ಆಗಬೇಕೆಂದರೆ ಉರಿ ಸಣ್ಣದು ಮಾಡಿ, ಮತ್ತೆ ಹಂಚಿಗೆ ಹಾಕಿ, ಬಟ್ಟೆ ಮುದ್ದೆಯಿಂದ ಒತ್ತುತ್ತ ತಿರುಗಿಸುತ್ತ ಎರಡು ಮೂರು ನಿಮಿಷ ಬಿಡಿ. ಕಟ್ಟಿಗೆ ಒಲೆ ಇದ್ದರೆ ಒಲೆಯ ಸುತ್ತ ನಿಲ್ಲಿಸಿದರೂ ಆಯಿತು, ಇನ್ನೂ ರುಚಿ.

6. ಒಂದರ ಮೇಲೊಂದು ಪೇರಿಸುವ ಮುನ್ನ ಪೂರ್ತಿ ಆರಬೇಕು. ಬೂಷ್ಟು ಬರುವ ರೊಟ್ಟಿಗಳ ಕಥೆ ಬಹುಪಾಲು ಇಲ್ಲೇ ಶುರುವಾಗುವುದು. ಕೈಗೆ ಒಣಗಿದಂತೆ ಕಂಡರೂ ನಡುಭಾಗದಲ್ಲಿ ಉಗಿ ಉಳಿದಿರುತ್ತದೆ, ಪೇರಿಸಿದ ಕೂಡಲೇ ಅದು ಪಕ್ಕದ ರೊಟ್ಟಿಗೆ ಇಳಿಯುತ್ತದೆ. ನೆರಳಲ್ಲಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಒಂದು ತಾಸು ಹರವಿ, ಒಂದನ್ನು ಮುರಿದು ನೋಡಿ. "ಟಕ್" ಎಂದು ಮುರಿದರೆ ಕಟ್ಟಬಹುದು, ಬಾಗಿದರೆ ಮತ್ತೆ ಹಂಚಿಗೆ.

ಕಟ್ಟಲು ಹತ್ತಿಯ ಬಟ್ಟೆ, ಇಡಲು ಬುಟ್ಟಿ ಅಥವಾ ಸ್ಟೀಲ್ ಡಬ್ಬಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಹೀಗಿಟ್ಟ ರೊಟ್ಟಿ ನಮ್ಮ ಒಣ ಹವೆಯಲ್ಲಿ ತಿಂಗಳು ಕೆಡುವುದಿಲ್ಲ. ಮಂಗಳೂರು, ಮುಂಬೈ ಕಡೆ ಒಯ್ಯುವವರು ಮಾತ್ರ ಗಾಳಿಯಾಡದ ಡಬ್ಬಿಗೆ ಹಾಕಿ. ಅಲ್ಲಿಯ ತೇವದ ಗಾಳಿಗೆ ರಾತ್ರಿ ಬೆಳಗಾಗುವುದರೊಳಗೆ ಮೆತ್ತಗಾಗುತ್ತದೆ.

ಸಜ್ಜೆ ರೊಟ್ಟಿಯನ್ನು ಚಳಿಗಾಲಕ್ಕೆ ಬಿಡಿ. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಹಿಟ್ಟು ಈ ಬಿಸಿಗೆ ವಾರದೊಳಗೆ ಕಹಿಯಾಗುತ್ತದೆ. ಬೇಕೇ ಬೇಕೆಂದರೆ ಅರ್ಧ ಕಿಲೋ ಮಾತ್ರ ಬೀಸಿಸಿ.

ಪುಡಿ

ಖಡಕ್ ರೊಟ್ಟಿಗೆ ಜೋಡಿ ಶೇಂಗಾ ಹಿಂಡಿ. ಕಾಲು ಕಿಲೋ ಶೇಂಗಾಕ್ಕೆ ಎರಡು ದೊಡ್ಡ ಚಮಚ ಖಾರಪುಡಿ, ಒಂದೂವರೆ ಚಿಕ್ಕ ಚಮಚ ಉಪ್ಪು, ಒಂದು ಚಿಕ್ಕ ಚಮಚ ಜೀರಿಗೆ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಬೇಕಿದ್ದರೆ ಗೋಲಿಗಾತ್ರದಷ್ಟು ಒಣ ಹುಣಸೆ. ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ತೆಗೆಯಿರಿ. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ, ಆ ಹಸಿತನವೇ ಮುಂದೆ ಮುಗ್ಗು ವಾಸನೆ. ಒಳಕಲ್ಲಿದ್ದರೆ ಕುಟ್ಟಿ. ಮಿಕ್ಸಿಯಾದರೆ ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಮಾಡಿ. ಒಂದೇ ಸಮ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ದಾರಿಗೆ ಒಯ್ಯುವ ಪುಡಿಗೆ ಹಸಿ ಬೆಳ್ಳುಳ್ಳಿ ಹಾಕಬೇಡಿ. ಬೆಳ್ಳುಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಸಿಪ್ಪೆಸಮೇತ ಹಂಚಿನ ಮೇಲೆ ಚೆನ್ನಾಗಿ ಬಾಡಿಸಿ ಹಾಕಿದರೆ ಪುಡಿ ಮೂರು ವಾರ ಬರುತ್ತದೆ. ಹಸಿ ಬೆಳ್ಳುಳ್ಳಿ ಹಾಕಿದ್ದನ್ನು ವಾರದೊಳಗೆ ಮುಗಿಸಿ. ಗುರೆಳ್ಳು, ಅಗಸಿ ಪುಡಿಗೂ ಇದೇ ಕ್ರಮ. ಅಗಸಿ ಚಟಪಟ ಸಿಡಿಯುವುದು ನಿಲ್ಲುವತನಕ ಹುರಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಲೋಳೆಲೋಳೆ. ಅಗಸಿ ಎಣ್ಣೆ ಬೇಗ ಕೆಡುವಂಥದ್ದು, ಸ್ವಲ್ಪಸ್ವಲ್ಪವೇ ಮಾಡಿ. ಪುಟಾಣಿ (ಹುರಿಗಡಲೆ) ಪುಡಿ ಎಲ್ಲಕ್ಕಿಂತ ಬಾಳಿಕೆಯದು, ಖಾರ ತಿನ್ನದ ಮಕ್ಕಳಿಗೂ ನಡೆಯುತ್ತದೆ.

ಡಬ್ಬಿಗೆ ಯಾವ ಪಲ್ಯ

ಎಣ್ಣೆಗಾಯಿ ಕಟ್ಟಬಹುದು, ಆದರೆ ಗ್ರೇವಿ ಬಿಡದೆ. ಬದನೆಕಾಯಿಗೆ ತುಂಬುವ ಮಸಾಲೆಯಲ್ಲಿ ಶೇಂಗಾ, ಗುರೆಳ್ಳು, ಒಣಕೊಬ್ಬರಿ ಇರಲಿ. ಹಸಿಕೊಬ್ಬರಿ ಹಾಕಿದ ಯಾವ ಪದಾರ್ಥವೂ ಈ ಕಾಲಕ್ಕೆ ಡಬ್ಬಿಯದಲ್ಲ, ನಾಲ್ಕು ತಾಸಿಗೆ ಹುಳಿವಾಸನೆ ಬರುತ್ತದೆ. ನೀರು ಹೊಯ್ಯದೆ, ಎಣ್ಣೆಯಲ್ಲೇ ಮುಚ್ಚಿ ಬೇಯಿಸಿ, ಮುಚ್ಚಳದ ಮೇಲೆ ನೀರಿಟ್ಟರೆ ತಳ ಹತ್ತುವುದಿಲ್ಲ.

ಪುಂಡಿಪಲ್ಯ ಹುಳಿಯಿರುವುದರಿಂದ ಬೇರೆ ಸೊಪ್ಪುಗಳಿಗಿಂತ ಹೆಚ್ಚು ತಾಳುತ್ತದೆ. ಝುಣಕವನ್ನು ಗಟ್ಟಿ ಮಾಡಿ ತಾಟಿಗೆ ಹರವಿ ವಡಿ ಕತ್ತರಿಸಿದರೆ ಪ್ರಯಾಣಕ್ಕೂ ಸೈ. ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ನೀರು, ತಳ ಬಿಡುವತನಕ ತಿರುವಬೇಕು. ಮೊಳಕೆ ಬರಿಸಿದ ಕಾಳಿನ ಪಲ್ಯ, ಆಲೂಗಡ್ಡೆ ಪಲ್ಯ, ಬೇಳೆ ಪದಾರ್ಥ ಇವನ್ನು ಮನೆಯ ಊಟಕ್ಕಷ್ಟೇ ಇಟ್ಟುಕೊಳ್ಳಿ.

ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಪಾಳಿ ಕೆಲಸ ಮಾಡುವವರ ಡಬ್ಬಿ ಇನ್ನೂ ಕಠಿಣ ಪರೀಕ್ಷೆ. ಮಧ್ಯಾಹ್ನದ ಪಾಳಿಗೆ ಹೊರಡುವವರು ರಾತ್ರಿ ಎಂಟರ ಊಟವನ್ನು ಒಂದಕ್ಕೇ ಒಯ್ಯಬೇಕು. ಅಂಥವರಿಗೆ ರೊಟ್ಟಿ, ಪುಡಿ, ಒಂದು ಹಸಿ ಈರುಳ್ಳಿ, ಒಂದು ಸೌತೆಕಾಯಿ ಇಡಿಯಾಗಿ, ಸಣ್ಣ ಬಾಟಲಿ ಶೇಂಗಾ ಎಣ್ಣೆ. ಹೆಚ್ಚುವುದು ತಿನ್ನುವಾಗ. ಮೊಸರನ್ನು ಅಲ್ಲೇ ಕ್ಯಾಂಟೀನಿನಲ್ಲಿ ಕೊಳ್ಳುವುದು ಜಾಣತನ.

ಮೊಸರು ಹುಳಿಯಾಗದಂತೆ

ರಾತ್ರಿ ಮಲಗುವಾಗ ಹೆಪ್ಪು ಹಾಕುವ ರೂಢಿಯನ್ನು ಈ ಎರಡು ತಿಂಗಳು ಬಿಡಿ. ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿಯ ಆಸುಪಾಸು ಹಬ್ಬ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯೇ ಅಷ್ಟಿರುತ್ತದೆ. ಹತ್ತಕ್ಕೆ ಹೆಪ್ಪಿಟ್ಟರೆ ಎರಡಕ್ಕೆ ಗಟ್ಟಿಯಾಗಿ, ಬೆಳಗಿನ ಆರಕ್ಕೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಬೆಳಗ್ಗೆ ಆರಕ್ಕೆ, ಕಾಯಿಸಿ ಪೂರ್ತಿ ಆರಿದ ಒಂದು ಲೀಟರ್ ಹಾಲಿಗೆ ಅರ್ಧ ಚಿಕ್ಕ ಚಮಚ ಹೆಪ್ಪು ಸಾಕು. ಹನ್ನೊಂದರೊಳಗೆ ನೋಡಿ, ಪಾತ್ರೆ ವಾಲಿಸಿದರೆ ಒಂದೇ ತುಂಡಾಗಿ ಜರುಗಿದರೆ ಫ್ರಿಜ್ಜಿಗೆ. ನೀರು ಬಿಟ್ಟಿದ್ದರೆ ತಡವಾಗಿದೆ, ಅದನ್ನು ಮಜ್ಜಿಗೆಗೆ ಇಟ್ಟುಕೊಳ್ಳಿ.

ದಾರಿಯ ಮೊಸರನ್ನಕ್ಕೆ ಇದೇ ಬಿಸಿಲನ್ನು ದುಡಿಸಿಕೊಳ್ಳಬಹುದು. ಒಂದು ಲೋಟ ಅಕ್ಕಿಯನ್ನು ನಾಲ್ಕು ಲೋಟ ನೀರಲ್ಲಿ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಹಿಸುಕಿ, ತಾಟಿನಲ್ಲಿ ಆರಿಸಿ. ಕಾಯಿಸಿ ಆರಿಸಿದ ಹಾಲು ಎರಡು ಲೋಟ, ಮೊಸರು ಎರಡೇ ದೊಡ್ಡ ಚಮಚ, ಉಪ್ಪು. ಕಲಸಿದಾಗ ಪಾಯಸದಷ್ಟು ತೆಳ್ಳಗಿರಬೇಕು. ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆಯನ್ನು ಆರಿಸಿ ಹಾಕಿ. ಬೆಳಗ್ಗೆ ಆರಕ್ಕೆ ಸ್ಟೀಲ್ ಡಬ್ಬಿಗೆ ತುಂಬಿದರೆ ಹನ್ನೆರಡಕ್ಕೆ ತಾನೇ ಹೆಪ್ಪಾಗಿ ಗಟ್ಟಿ, ಸಿಹಿ ಮೊಸರನ್ನವಾಗಿರುತ್ತದೆ. ಒಂದರೊಳಗೆ ಉಂಡುಬಿಡಿ. ಸೌತೆಕಾಯಿ, ಈರುಳ್ಳಿ, ದಾಳಿಂಬೆ ಮೊದಲೇ ಬೆರೆಸಿದರೆ ನೀರು ಬಿಟ್ಟು ಎಲ್ಲ ಕೆಡುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ ಡಬ್ಬಿ ಬೇಡ, ಹುಳಿಗೆ ಲೋಹ ಬಿಡುತ್ತದೆ.

ಕರೆಂಟ್ ಹೋದಾಗ ಫ್ರಿಜ್ ತೆರೆಯದಿದ್ದರೆ ನಾಲ್ಕು ತಾಸು ತಣ್ಣಗಿರುತ್ತದೆ. ರಾತ್ರಿಯೇ ನಾಲ್ಕು ಬಾಟಲಿಗೆ ಮುಕ್ಕಾಲು ನೀರು ತುಂಬಿ ಫ್ರೀಜರಿನಲ್ಲಿಡಿ. ಕರೆಂಟ್ ಹೋದರೆ ಅವೇ ಕಾಯುತ್ತವೆ, ಪ್ರಯಾಣವಿದ್ದರೆ ಹೆಪ್ಪಾದ ಮೊಸರನ್ನದ ಡಬ್ಬಿಯ ಪಕ್ಕಕ್ಕೆ ಹೋಗುತ್ತವೆ.

ಗಡಿಗೆ, ಅಂಬಲಿ, ಮಜ್ಜಿಗೆ

ನಮ್ಮ ಕಡೆಯ ಗಾಳಿ ಒಣಗಿರುವುದು ಮಣ್ಣಿನ ಗಡಿಗೆಗೆ ವರ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಬಿಸಿ ಹೊತ್ತೊಯ್ಯುತ್ತದೆ. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ತಂಪು. ಹೊಸ ಗಡಿಗೆಯನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಮೊದಲೆರಡು ದಿನದ ನೀರು ಚೆಲ್ಲಿ. ಒದ್ದೆ ಉಸುಕಿನ ಮೇಲೆ, ಗಾಳಿಯಾಡುವ ನೆರಳಲ್ಲಿಡಿ. ಮೂಲೆಯಲ್ಲಿಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ. ಸೋಪಿನಿಂದ ತೊಳೆದರೆ ಸೂಕ್ಷ್ಮ ರಂಧ್ರ ಮುಚ್ಚುತ್ತವೆ, ಬರೀ ತೆಂಗಿನ ನಾರಿನಿಂದ ಉಜ್ಜಿ. ತಂಪು ಕಡಿಮೆಯಾಯಿತೆಂದರೆ ಬಹುತೇಕ ಗಡಸು ನೀರಿನ ಉಪ್ಪು ರಂಧ್ರಗಳಲ್ಲಿ ಕೂತಿರುತ್ತದೆ. ಬೋರ್‌ವೆಲ್ ನೀರು ತುಂಬುವವರು ಪ್ರತಿ ವರ್ಷ ಗಡಿಗೆ ಬದಲಿಸುವುದೇ ವಾಸಿ.

ಜೋಳದ ಅಂಬಲಿಗೆ ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಹಿಟ್ಟು. ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಕುದಿವ ನೀರಿಗೆ ಹೊಯ್ದು, ಎಂಟು ಹತ್ತು ನಿಮಿಷ ತಿರುವಿ. ಆರಿದ ಮೇಲೆ ರಾತ್ರಿಯೆಲ್ಲ ಗಡಿಗೆಯಲ್ಲಿ ಬಿಟ್ಟರೆ ಬೆಳಗ್ಗೆ ತುಸು ಹುಳಿ ಏರಿರುತ್ತದೆ. ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ ಕುಡಿಯಿರಿ. ಮಧ್ಯಾಹ್ನದ ಊಟಕ್ಕೆ ಜೋಳದ ನುಚ್ಚು, ಮಜ್ಜಿಗೆ, ಮೇಲೆ ಪುಂಡಿಪಲ್ಯ ಇದ್ದರೆ ಅನ್ನದ ನೆನಪೇ ಬರುವುದಿಲ್ಲ. ಮಜ್ಜಿಗೆಗೆ ಒಂದು ಭಾಗ ಮೊಸರು, ಮೂರು ಭಾಗ ನೀರು, ಉಪ್ಪು, ಜಜ್ಜಿದ ಶುಂಠಿ, ಜೀರಿಗೆ. ಅದಕ್ಕಿಂತ ಗಟ್ಟಿಯಾದದ್ದು ಬಾಯಿಗೆ ಹಿತ, ದಾಹಕ್ಕೆ ಸಾಲದು.

ಬಿಸಿಲಲ್ಲಿ ತಿರುಗಿ ಬಂದವರಿಗೆ ತಲೆಸುತ್ತು, ಸುಸ್ತು ಇದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಮತಟ್ಟಾದ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಅಳತೆ ಮೀರಬಾರದು, ಮಕ್ಕಳಿಗಂತೂ ಅಪಾಯ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ನೆರಳಿಗೆ ತಂದು ಮೈಗೆಲ್ಲ ನೀರು ಚಿಮುಕಿಸಿ ಗಾಳಿ ಬೀಸುತ್ತ 108ಕ್ಕೆ ಫೋನು ಮಾಡಿ.

ದಾರಿಗೆ ಹೊರಟಾಗ

ಒಂದು ದಿನದ ಸುತ್ತಾಟಕ್ಕೆ ತಲಾ ಮೂರು ಲೀಟರ್ ನೀರಿನ ಲೆಕ್ಕ ಹಾಕಿ. ನಾಲ್ಕು ಮಂದಿಗೆ ಹನ್ನೆರಡು ಲೀಟರ್, ಅಂದರೆ ಒಂದು ಕ್ಯಾನ್ ಕಾರಿನಲ್ಲೇ ಇರಬೇಕು. ಆನೆಗುಂದಿಯ ಅಂಜನಾದ್ರಿಗೆ 575 ಮೆಟ್ಟಿಲು. ಬೆಳಗ್ಗೆ ಆರಕ್ಕೆ ಹತ್ತಲು ಶುರುಮಾಡಿ ಎಂಟಕ್ಕೆ ಇಳಿದಿರಬೇಕು. ಹತ್ತುವ ಮುನ್ನ ಹೊಟ್ಟೆ ತುಂಬ ತಿನ್ನಬೇಡಿ, ಎರಡು ಬಾಳೆಹಣ್ಣು, ಮಜ್ಜಿಗೆ ಸಾಕು. ಮೇಲೆ ಬುತ್ತಿ ಚೀಲ ಒಯ್ದರೆ ಮಂಗಗಳಿಗೆ ಅನ್ನದಾನ ಮಾಡಿದಂತೆ. ಹಂಪಿಯನ್ನು ಸಂಜೆಗಿಟ್ಟುಕೊಳ್ಳಿ, ಮಧ್ಯಾಹ್ನದ ಬಂಡೆ ಅಂಗಾಲು ಸುಡುತ್ತದೆ. ಕುಕನೂರಿನ ಹತ್ತಿರದ ಇಟಗಿಯ ಮಹಾದೇವ ದೇವಾಲಯ 1112ರದ್ದು, ಶಾಸನ ಅದನ್ನು "ದೇವಾಲಯ ಚಕ್ರವರ್ತಿ" ಎಂದು ಕರೆದಿದೆ. ಕಂಬಗಳ ನೆರಳು ತಂಪಾಗಿರುವುದರಿಂದ ಹತ್ತರ ಹೊತ್ತಿಗೂ ನೋಡಲು ಅಡ್ಡಿಯಿಲ್ಲ. ಬುತ್ತಿ ಮಾತ್ರ ಹೊರಗಿನ ಗಿಡದ ಕೆಳಗೆ ಬಿಚ್ಚಿ, ಎಣ್ಣೆ ಕಲೆ ಕಲ್ಲಿಗೆ ಹಿಡಿದರೆ ಹೋಗುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಹುಬ್ಬಳ್ಳಿ–ಗುಂತಕಲ್ ಮಾರ್ಗದಲ್ಲಿವೆ, ರಾಯಚೂರು ಮುಂಬೈ–ಚೆನ್ನೈ ಮಾರ್ಗದಲ್ಲಿದೆ. ಎರಡೂ ಕೂಡುವುದು ಗುಂತಕಲ್ಲಿನಲ್ಲಿ. ಅಲ್ಲಿ ಗಾಡಿ ಬದಲಿಸುವುದಿದ್ದರೆ ಕಾಯುವ ಹೊತ್ತನ್ನೂ ಬುತ್ತಿಯ ಲೆಕ್ಕಕ್ಕೆ ಹಿಡಿಯಿರಿ. ಮೊದಲ ಊಟ ಮೊಸರನ್ನ, ಎರಡನೆಯದು ಹುಣಸೆಹುಳಿ ಅನ್ನ ಅಥವಾ ಮೆತ್ತನೆ ರೊಟ್ಟಿ–ಎಣ್ಣೆಗಾಯಿ, ಮೂರನೆಯದರಿಂದ ಮುಂದೆ ಖಡಕ್ ರೊಟ್ಟಿ, ಪುಡಿ. ಬೇಗ ಕೆಡುವುದು ಚೀಲದಲ್ಲಿ ಮೇಲಿರಲಿ. ಸಿಹಿಗೆ ಶೇಂಗಾ ಹೋಳಿಗೆ ಒಯ್ಯಿರಿ, ಹೂರಣದಲ್ಲಿ ನೀರಿಲ್ಲದ್ದರಿಂದ ವಾರ ಇರುತ್ತದೆ. ಬೇಳೆ ಹೋಳಿಗೆಯ ಹೂರಣ ಬೇಯಿಸಿದ ಬೇಳೆಯದು, ಮರುದಿನ ಮುಗ್ಗುತ್ತದೆ. ಬೀಗರು ಪ್ರೀತಿಯಿಂದ ಕಟ್ಟಿಕೊಟ್ಟರೂ ಅದನ್ನು ಅಂದೇ ಮುಗಿಸಿ.

ಹೇಳದೆ ಬಂದ ಎಂಟು ಮಂದಿ

ಮದುವೆ ಮುಗಿಸಿಕೊಂಡು ಬೆಳಗ್ಗೆ ಎಂಟೂವರೆಗೆ ಬಾಗಿಲಲ್ಲಿ ನೆಂಟರು ನಿಂತರೆ ಗಾಬರಿ ಬೇಡ, ಮಂಡಾಳು (ಮಂಡಕ್ಕಿ) ಇದ್ದರಾಯಿತು. ಎಂಟು ಮಂದಿಗೆ ಅರ್ಧ ಕಿಲೋ ಮಂಡಾಳು, ನಾಲ್ಕು ಈರುಳ್ಳಿ, ಹತ್ತು ಹಸಿಮೆಣಸಿನಕಾಯಿ, ಎರಡು ಟೊಮೇಟೊ, ಆರು ದೊಡ್ಡ ಚಮಚ ಎಣ್ಣೆ, ಆರು ಚಮಚ ಪುಟಾಣಿ ಹಿಟ್ಟು, ಎರಡು ನಿಂಬೆಹಣ್ಣು. ಮೊದಲು ಒಗ್ಗರಣೆ ತಯಾರಿರಲಿ: ಸಾಸಿವೆ, ಜೀರಿಗೆ, ಶೇಂಗಾ, ಮೆಣಸಿನಕಾಯಿ, ಕರಿಬೇವು, ಈರುಳ್ಳಿ, ಟೊಮೇಟೊ, ಅರಿಸಿನ, ಉಪ್ಪು. ಆಮೇಲಷ್ಟೇ ಮಂಡಾಳನ್ನು ನೀರಿಗೆ ಹಾಕಿ, ಕೈಯಾಡಿಸಿ, ತಕ್ಷಣ ಎರಡೂ ಕೈಯಿಂದ ಹಿಂಡಿ ತೆಗೆಯಿರಿ. ನೀರಲ್ಲಿ ಬಿಟ್ಟು ಒಗ್ಗರಣೆಗೆ ಹೋದರೆ ಮುದ್ದೆಯಾಗುತ್ತದೆ. ಒಲೆ ಆರಿಸಿ ಮಂಡಾಳು ಬೆರೆಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ. ಉಳಿದ ತೇವವನ್ನು ಆ ಹಿಟ್ಟು ಹೀರಿಕೊಳ್ಳುತ್ತದೆ. ನಿಂಬೆರಸ ಕೊನೆಗೆ. ಮಿರ್ಚಿಯನ್ನು ಓಣಿಯ ಗಾಡಿಯಿಂದ ತರಿಸಿ, ಈ ಸೆಕೆಯಲ್ಲಿ ಕಾದೆಣ್ಣೆಯ ಮುಂದೆ ನಿಲ್ಲುವ ಸಾಹಸ ಯಾಕೆ?

ಮಧ್ಯಾಹ್ನಕ್ಕೆ ಮಾವಿನಹಣ್ಣಿನ ಸೀಕರಣಿ ಮಾಡಿದರೆ ಊಟ ಕಳೆಗಟ್ಟುತ್ತದೆ. ಹಣ್ಣು ತಣ್ಣೀರಲ್ಲಿ ಒಂದು ತಾಸು ಮುಳುಗಿರಲಿ, ರಸ ಬೇರೆ, ಹಾಲು ಬೇರೆ ತಂಪಾಗಲಿ, ಬೆರೆಸುವುದು ಎಲೆ ಹಾಕಿದ ಮೇಲೆ. ಮೊದಲೇ ಬೆರೆಸಿದರೆ ಹುಳಿಯಂಶಕ್ಕೆ ಹಾಲು ಒಡೆಯುತ್ತದೆ. ಮೈಯೆಲ್ಲ ಒಂದೇ ಸಮ ಹಳದಿಯಾಗಿ, ತೊಟ್ಟಿನ ಬಳಿ ವಾಸನೆಯೇ ಇಲ್ಲದ ಹಣ್ಣನ್ನು ಬಿಡಿ, ಅದು ಕಾರ್ಬೈಡಿನದಿರಬಹುದು. ಬಲಿತ ಕಾಯಿ ತಂದು ಭತ್ತದ ಹುಲ್ಲಿನಲ್ಲಿಟ್ಟರೆ ಐದಾರು ದಿನಕ್ಕೆ ಮಾಗುತ್ತದೆ.

ಬಿಸಿಲು ಇರುವಾಗಲೇ ಒಣಗಿಸಿ

ಇಷ್ಟು ಸುಡುವ ಬಿಸಿಲಿನಿಂದ ವರ್ಷದ ಕೆಲಸ ಮಾಡಿಸಿಕೊಳ್ಳದಿದ್ದರೆ ಹೇಗೆ? ಸಂಡಿಗೆ, ಹಪ್ಪಳ ಎಲ್ಲರಿಗೂ ಗೊತ್ತು. ಬಿಡುವಿಲ್ಲದವರಿಗೆ ಮೊಸರು ಮೆಣಸಿನಕಾಯಿ ಸುಲಭ, ಏಕೆಂದರೆ ಕೆಲಸವೆಲ್ಲ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ.

ಅರ್ಧ ಕಿಲೋ ದಪ್ಪ, ಖಾರ ಕಡಿಮೆಯಿರುವ ಹಸಿಮೆಣಸಿನಕಾಯಿ ತೊಳೆದು ಒರೆಸಿ, ತೊಟ್ಟು ಉಳಿಸಿ ಉದ್ದಕ್ಕೆ ಸೀಳಿ. ಅರ್ಧ ಲೀಟರ್ ಹುಳಿಮೊಸರಿಗೆ (ಮೇಲೆ ಕೆಟ್ಟಿತೆಂದುಕೊಂಡ ಮೊಸರು ಇಲ್ಲಿ ಸಲ್ಲುತ್ತದೆ) 50 ಗ್ರಾಂ ಉಪ್ಪು, ಒಂದು ಚಮಚ ಜೀರಿಗೆಪುಡಿ ಬೆರೆಸಿ ರಾತ್ರಿ ನೆನೆಸಿ. ಬೆಳಗ್ಗೆ ಕಾಯಿಗಳನ್ನಷ್ಟೇ ತೆಗೆದು ತಾಟಿನಲ್ಲಿ ಬಿಸಿಲಿಗಿಡಿ, ಮೊಸರು ಫ್ರಿಜ್ಜಿಗೆ. ಸಂಜೆ ಕಾಯಿ ಮತ್ತೆ ಅದೇ ಮೊಸರಿಗೆ. ಮೂರು ರಾತ್ರಿಗೆ ಮೊಸರೆಲ್ಲ ಹೀರಿರುತ್ತದೆ. ಆಮೇಲೆ ಎರಡು ಮೂರು ದಿನ ಬರೀ ಬಿಸಿಲು. ಅಲುಗಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮುರಿದಾಗ ಒಳಗೆ ಬೆಳ್ಳಗೆ ಮೆತ್ತಗಿದ್ದರೆ ಇನ್ನೊಂದು ದಿನ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿಸಿದರೆ ಕೆಳಬದಿ ಬೆವರಿ ಕಪ್ಪಾಗುತ್ತದೆ, ಬಟ್ಟೆ ಅಥವಾ ಸ್ಟೀಲ್ ತಾಟು ಬಳಸಿ.

ಮಾವಿನಕಾಯಿ ಉಪ್ಪಿನಕಾಯಿಗೆ ಕಿಲೋ ಹೋಳಿಗೆ 200 ಗ್ರಾಂ ಪುಡಿ ಉಪ್ಪು, 125 ಗ್ರಾಂ ಖಾರಪುಡಿ, 100 ಗ್ರಾಂ ಸಾಸಿವೆಪುಡಿ, ಎರಡು ಚಮಚ ಹುರಿದ ಮೆಂತ್ಯಪುಡಿ, 300 ಮಿಲಿ ಕಾಸಿ ಆರಿಸಿದ ಶೇಂಗಾ ಎಣ್ಣೆ. ಕಾಯಿ ತೊಳೆಯುವುದು ಕತ್ತರಿಸುವ ಮುನ್ನವೇ, ಒರೆಸಿದ ಮೇಲೆ ಹೋಳನ್ನು ನೆರಳಲ್ಲಿ ಎರಡು ತಾಸು ಆರಿಸಿ. ಉಪ್ಪು ಕಡಿಮೆ ಮಾಡುವ ಆಸೆ ಬೇಡ, 150 ಗ್ರಾಮಿಗಿಂತ ಕೆಳಗಿಳಿದರೆ ಹೋಳು ಮೆತ್ತಗಾಗುತ್ತದೆ. ಮೂರನೇ ದಿನ ತಿರುವಿ ನೋಡಿ, ಎಣ್ಣೆ ಹೋಳಿನ ಮೇಲೆ ಬೆರಳು ಎತ್ತರ ನಿಲ್ಲದಿದ್ದರೆ ಇನ್ನಷ್ಟು ಕಾಸಿ, ಪೂರ್ತಿ ಆರಿಸಿ ಹೊಯ್ಯಿರಿ.

ಮೇ ತಿಂಗಳ ಮಧ್ಯಾಹ್ನ ಆಕಾಶ ತಿಳಿಯಾಗಿದ್ದರೂ ಸಂಜೆ ನಾಲ್ಕರ ಮೇಲೆ ಗಾಳಿ ಎದ್ದು ಮಳೆ ಬೀಳುವುದುಂಟು. ಮಾಳಿಗೆಯ ಮೇಲಿನದ್ದನ್ನು ಮೂರೂವರೆಗೇ ಕೆಳಗಿಳಿಸಿ. ಒಮ್ಮೆ ಹನಿ ಬಿದ್ದ ಸಂಡಿಗೆಯನ್ನು ಮತ್ತೆ ಒಣಗಿಸಿ ಡಬ್ಬಿಗೆ ಹಾಕಬೇಡಿ, ಬೇರೆ ತೆಗೆದಿಟ್ಟು ಆ ವಾರವೇ ಕರಿದು ಮುಗಿಸಿ. ರೋಹಿಣಿ ಮಳೆ ಹಿಡಿಯುವಷ್ಟರಲ್ಲಿ ಎಲ್ಲ ಡಬ್ಬಿಗಳೂ ಮುಚ್ಚಳ ಹಾಕಿಕೊಂಡು ಒಳಗಿರಬೇಕು.